ಅಮೆರಿಕದ ಮಾಲುಗಳಲ್ಲಿ ವಿಡಿಯೋ ಆಟದಂಗಡಿ: ಉದಯ ಮತ್ತು ಅವನತಿ

ವಿಡಿಯೋ ಆಟಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಯಂತ್ರಗಳ ಚರಿತ್ರೆಯೆಂದೇ ತಿಳಿಯುವುದು ವಾಡಿಕೆಯಾಗಿದೆ. ಯಾವ ಯಂತ್ರವನ್ನು ಯಾರು ನಿರ್ಮಿಸಿದರು, ಅದು ಎಷ್ಟು ಮಾರಾಟವಾಯಿತು ಎಂಬ ವಿಚಾರಗಳು ಈಗ ಸಾಕಷ್ಟು ವಿಶದವಾಗಿವೆ. ಆ ಯಂತ್ರಗಳು ನಿಂತಿದ್ದ ಸ್ಥಳದ ಚರಿತ್ರೆಯಾದರೋ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ: ಮನೆಯಲ್ಲಿಯೇ ಆಡುವ ಯಂತ್ರ ಬಂದಿತು, ಅಂಗಡಿ ಮುಚ್ಚಿತು. ಈ ವಾಕ್ಯವು ಸುಳ್ಳೆಂದು ಹೇಳಲಾಗುವುದಿಲ್ಲ. ಆದರೆ ಅಟಾರಿ ಸಂಸ್ಥೆಯ ಮನೆಯಂತ್ರವು 1977ರಲ್ಲಿಯೇ ಮಾರುಕಟ್ಟೆಗೆ ಬಂದಿದ್ದಿತು. ಆಟದಂಗಡಿಯು ತನ್ನ ಪರಮಾವಧಿಯನ್ನು ಮುಟ್ಟಿದ್ದು 1981-82ರಲ್ಲಿ. ಎರಡೂ ಒಟ್ಟಿಗೆ ಬೆಳೆದವು. ಹಾಗಿರುವಾಗ ಒಂದನ್ನು ಇನ್ನೊಂದು ನುಂಗಿತೆಂಬ ವಿವರಣೆಯು ಅಪೂರ್ಣವೆಂದು ಒಪ್ಪಬೇಕಾಗುತ್ತದೆ. ಅಂಗಡಿಯನ್ನು ಬಾಡಿಗೆದಾರನೆಂದು ಭಾವಿಸಿ, ಅದರ ಯಜಮಾನನಾದ ಮಾಲನ್ನೂ, ಅದರ ಆಧಾರವಾದ ನಾಣ್ಯವನ್ನೂ, ಅದರ ಗಿರಾಕಿಗಳಾದ ಹುಡುಗರ ವಯಸ್ಸನ್ನೂ ಒಟ್ಟಿಗೆ ನೋಡಿದರೆ ಈ ವಿಷಯ ಬೇರೆ ರೀತಿಯಾಗಿ ಕಾಣಬಹುದೆಂಬುದು ಪ್ರಕೃತ ಲೇಖನದ ಅಭಿಪ್ರಾಯ.

ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ಅಮೆರಿಕದಲ್ಲಿ ಮೊದಲಿನಿಂದಲೂ ಒಳ್ಳೆಯ ಹೆಸರಿರಲಿಲ್ಲ. ಜೂಜಿನ ಯಂತ್ರಕ್ಕೂ ವಿನೋದದ ಯಂತ್ರಕ್ಕೂ ನಡುವಿನ ಗೆರೆ ತೆಳುವಾಗಿದ್ದಿತು; ಎರಡನ್ನೂ ತಯಾರಿಸುತ್ತಿದ್ದವರು ಅನೇಕ ವೇಳೆ ಒಬ್ಬರೇ. ನ್ಯೂಯಾರ್ಕ್ ನಗರದ ಮೇಯರ್ ಲಾಗಾರ್ಡಿಯಾ ಅವರು 1942ರಲ್ಲಿ ಪಿನ್‌ಬಾಲ್ ಯಂತ್ರಗಳನ್ನು ನಿಷೇಧಿಸಿ, ವಶಪಡಿಸಿಕೊಂಡವುಗಳನ್ನು ತಾವೇ ಸಮ್ಮಟಿಗೆ ಹಿಡಿದು ಒಡೆದು ಛಾಯಾಚಿತ್ರ ತೆಗೆಸಿಕೊಂಡರು. ಆ ನಿಷೇಧವು ತೊಲಗಿದ್ದು 1976ರಲ್ಲಿ. ಪಿನ್‌ಬಾಲ್ ಅದೃಷ್ಟದ ಆಟವಲ್ಲ, ಕೈಚಳಕದ ಆಟವೆಂದು ರಾಜರ್ ಶಾರ್ಪ್ ಎಂಬ ಪತ್ರಕರ್ತರು ನಗರಸಭೆಯವರ ಎದುರಿನಲ್ಲಿ ಚೆಂಡು ಎಲ್ಲಿ ಇಳಿಯುವುದೆಂದು ಮೊದಲೇ ಹೇಳಿ ಆಡಿತೋರಿಸಬೇಕಾಯಿತು. ವಿಡಿಯೋ ಆಟವು ಹುಟ್ಟಿದ್ದು ಈ ಅಪಕೀರ್ತಿಯ ನೆರಳಿನಲ್ಲಿಯೇ. ಅಟಾರಿಯ ‘ಪಾಂಗ್’ ಯಂತ್ರದ ಮೊದಲ ಮಾದರಿಯನ್ನು 1972ರಲ್ಲಿ ಕ್ಯಾಲಿಫೋರ್ನಿಯದ ಸನ್ನಿವೇಲ್ ಎಂಬ ಊರಿನ ಒಂದು ಪಾನಗೃಹದಲ್ಲಿ ಇರಿಸಲಾಯಿತು. ಪಾನಗೃಹವೆಂದರೆ ಹುಡುಗರಿಗೆ ಪ್ರವೇಶವಿಲ್ಲದ ಸ್ಥಳ. ಆಟ ಹುಡುಗರದ್ದು, ಸ್ಥಳ ದೊಡ್ಡವರದ್ದು; ಈ ವಿಸಂಗತಿಯನ್ನು ಪರಿಹರಿಸಿದ್ದೇ ಮಾಲು.

ಮಾಲೆಂದರೆ ಚಾವಣಿ ಹೊದಿಸಿದ ಪೇಟೆ. ಬೇಸಿಗೆ ಚಳಿಗಾಲಗಳೆರಡರಲ್ಲಿಯೂ ಒಂದೇ ಹವೆಯನ್ನು ಕಾಯ್ದುಕೊಳ್ಳುವ, ಪೂರ್ಣವಾಗಿ ಮುಚ್ಚಿದ ಮಾಲುಗಳಲ್ಲಿ ಮೊದಲನೆಯದು ಮಿನ್ನೆಸೋಟ ರಾಜ್ಯದ ಈಡೈನಾದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್. ಅದನ್ನು ಯೋಜಿಸಿದ ವಿಕ್ಟರ್ ಗ್ರೂಯನ್ ವಿಯೆನ್ನಾ ನಗರದಿಂದ ಬಂದವರು. ಕಾರುಗಳಲ್ಲಿ ಚದುರಿಹೋಗಿದ್ದ ಉಪನಗರಗಳ ಜನಕ್ಕೆ ತಮ್ಮೂರಿನ ಚೌಕಗಳಂಥ ಒಂದು ನಡೆದಾಡುವ ಸ್ಥಳವನ್ನು ಒದಗಿಸಬೇಕೆಂಬುದು ಅವರ ಆಶಯವಾಗಿದ್ದಿತು. ಅಂಗಡಿಗಳು ಉಳಿದು ಊರು ಮಾತ್ರ ಹುಟ್ಟದೆ ಹೋದುದನ್ನು ಕಂಡು 1978ರಲ್ಲಿ ಅವರೇ ಈ ಮಾಲುಗಳ ಪಿತೃತ್ವವನ್ನು ಬಹಿರಂಗವಾಗಿ ನಿರಾಕರಿಸಿದರು. ಅದೇನೇ ಇರಲಿ, ಸಂತೆಯ ಮಾಳವೋ ದೇವಸ್ಥಾನದ ಜಗಲಿಯೋ ಇಲ್ಲದ ಆ ಉಪನಗರಗಳಲ್ಲಿ ಹದಿಮೂರು ಹದಿನಾಲ್ಕು ವರ್ಷದವರು ನಾಲ್ಕು ಜನ ಸೇರುವುದಕ್ಕೆ ಮಾಲನ್ನು ಬಿಟ್ಟರೆ ಬೇರೆ ಸ್ಥಳ ವಿರಳವಾಗಿದ್ದಿತು. ಕಾರು ನಡೆಸುವ ವಯಸ್ಸು ಬಾರದ ಹುಡುಗನನ್ನು ತಾಯಿ ಮಾಲಿನ ಬಾಗಿಲಲ್ಲಿ ಇಳಿಸಿ, ತನ್ನ ಕೊಳ್ಳುವಿಕೆ ಮುಗಿಸಿ, ಮರಳಿ ಕರೆದೊಯ್ಯಬಹುದಾಗಿತ್ತು.

ಈ ಸಂದರ್ಭವನ್ನು ಮೊದಲು ಗ್ರಹಿಸಿದವರು ಕೆಲವರು ವರ್ತಕರು. ‘ಟೈಮ್ ಔಟ್’ ಎಂಬ ಅಂಗಡಿಗಳ ಸರಣಿಯು 1970ರಲ್ಲಿ ನ್ಯೂಯಾರ್ಕ್ ರಾಜ್ಯದ ನಾರ್ತ್‌ವೇ ಮಾಲಿನಲ್ಲಿ ಆರಂಭವಾಯಿತು. ಅದೇ ಕಾಲದಲ್ಲಿ ಷಿಕಾಗೋ ಕಡೆಯ ಜೂಲ್ಸ್ ಮಿಲ್‌ಮನ್ ಎಂಬವರು ಕಟ್ಟಿದ ಸಂಸ್ಥೆಯನ್ನು 1974ರಲ್ಲಿ ಬ್ಯಾಲಿ ಕಂಪೆನಿಯು ಕೊಂಡುಕೊಂಡಿತು. ‘ಅಲಾದೀನ್ಸ್ ಕ್ಯಾಸಲ್’ ಎಂಬ ಹೆಸರಿನಲ್ಲಿ ಅದರ ಶಾಖೆಗಳು ದೇಶದ ತುಂಬ ನೂರಾರು ಮಾಲುಗಳಲ್ಲಿ ಹರಡಿದವು. ಬ್ಯಾಲಿಯು ಪಿನ್‌ಬಾಲ್ ಯಂತ್ರಗಳನ್ನೂ ಜೂಜಿನ ಯಂತ್ರಗಳನ್ನೂ ತಯಾರಿಸುತ್ತಿದ್ದ ಕಂಪೆನಿ. ಅದರ ಅಂಗಸಂಸ್ಥೆಯಾದ ಮಿಡ್‌ವೇ ಮುಂದೆ ಜಪಾನಿನ ಆಟಗಳನ್ನು ಅಮೆರಿಕದಲ್ಲಿ ತಯಾರಿಸುವ ಹಕ್ಕನ್ನು ಪಡೆಯಿತು. ಯಂತ್ರವೂ ಅಂಗಡಿಯೂ ಒಂದೇ ಮನೆಯ ಸ್ವತ್ತಾಗಿದ್ದುವೆಂಬುದು ಗಮನಾರ್ಹವಾದ ವಿಷಯ.

ಮಾಲಿನ ಯಜಮಾನರಿಗೆ ಈ ಒಕ್ಕಲು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಒಪ್ಪಿಗೆಯಾಗಬೇಕಾದರೆ ಅಂಗಡಿಯು ತನ್ನ ಹಳೆಯ ಜಾತಕವನ್ನು ಮರೆಸಬೇಕಾಗಿದ್ದಿತು. ಧೂಮಪಾನ ಕೂಡದು, ತಿಂಡಿ ಪಾನೀಯ ಒಳಕ್ಕೆ ತರಕೂಡದು, ಶಾಲೆಯ ವೇಳೆಯಲ್ಲಿ ಹುಡುಗರನ್ನು ಸೇರಿಸಕೂಡದು ಎಂಬಂಥ ನಿಯಮಗಳು ಹುಟ್ಟಿದ್ದು ಹೀಗೆ. ಪ್ರತಿಯಾಗಿ ಮಾಲಿಗೂ ಲಾಭವಿದ್ದಿತು. ಬಟ್ಟೆಯಂಗಡಿಗೋ ಚಿನ್ನದಂಗಡಿಗೋ ಬೇಕಾದ ಬೆಳಕು ಈ ಅಂಗಡಿಗೆ ಬೇಡ. ಗಾಜಿನ ಪರದೆಯ ಚಿತ್ರ ಚೆನ್ನಾಗಿ ಕಾಣಬೇಕಾದರೆ ಕತ್ತಲೆಯೇ ಮೇಲು. ಸರಕಿನ ದಾಸ್ತಾನು ಬೇಡ. ಸಾಲ ಕೊಡುವ ಪ್ರಸಂಗವಂತೂ ಇಲ್ಲವೇ ಇಲ್ಲ. ಗೊತ್ತಾದ ಬಾಡಿಗೆಯ ಮೇಲೆ ವ್ಯಾಪಾರದಲ್ಲಿ ಶೇಕಡಾವಾರು ಪಾಲನ್ನೂ ಪಡೆಯುವುದು ಮಾಲುಗಳ ಪದ್ಧತಿಯಾಗಿದ್ದುದರಿಂದ ನಾಣ್ಯದ ಹೊಳೆಯಲ್ಲಿ ಒಂದು ಕಾಲುವೆ ಯಜಮಾನನ ಹೊಲಕ್ಕೂ ಹರಿಯಿತು.

ಯಂತ್ರಗಳ ವಿಚಾರವನ್ನು ಇಲ್ಲಿ ವಿಸ್ತರಿಸುವುದಿಲ್ಲ. 1978ರ ‘ಸ್ಪೇಸ್ ಇನ್ವೇಡರ್ಸ್’, 1979ರ ‘ಆಸ್ಟರಾಯ್ಡ್ಸ್’, 1980ರ ‘ಪ್ಯಾಕ್-ಮ್ಯಾನ್’ ಇವು ಮೂರು ಹೆಸರುಗಳು ಸಾಕು. ಪ್ಯಾಕ್-ಮ್ಯಾನ್ ಯಂತ್ರಗಳು ಅಮೆರಿಕದಲ್ಲಿಯೇ ಸುಮಾರು ಒಂದು ಲಕ್ಷದಷ್ಟು ಮಾರಾಟವಾದವು. ಅದನ್ನು ಯೋಜಿಸಿದ ನಾಮ್ಕೋ ಸಂಸ್ಥೆಯ ತೋರು ಇವಾತಾನಿ ಅವರಿಗೆ ಹುಡುಗಿಯರೂ ಬಂದು ಆಡುವಂಥ ಆಟವಾಗಬೇಕೆಂಬ ಉದ್ದೇಶವಿದ್ದಿತೆಂಬುದು ಪ್ರಸಿದ್ಧವಾಗಿದೆ. ಮಾಲಿನ ಗಿರಾಕಿಗೆ ಇದಕ್ಕಿಂತ ತಕ್ಕುದಾದ ಯಂತ್ರ ಬೇರೊಂದಿರಲಿಲ್ಲ. 1982ರ ಜನವರಿಯಲ್ಲಿ ‘ಟೈಮ್’ ಪತ್ರಿಕೆಯು ತನ್ನ ಮುಖಪುಟ ಲೇಖನದಲ್ಲಿ ಕೊಟ್ಟ ಅಂದಾಜಿನಂತೆ ಹಿಂದಿನ ವರ್ಷ ಅಮೆರಿಕನರು ಈ ಯಂತ್ರಗಳಿಗೆ 2,000 ಕೋಟಿ ಕಾಲು ಡಾಲರಿನ ನಾಣ್ಯಗಳನ್ನು ಹಾಕಿದ್ದರು. ಅದೆಂದರೆ 500 ಕೋಟಿ ಡಾಲರು. ಆ ದೇಶದ ಚಿತ್ರಮಂದಿರಗಳ ಟಿಕೆಟ್ಟಿನ ಹಣಕ್ಕಿಂತ ಹೆಚ್ಚು.

ಇಂಥ ಸಮೃದ್ಧಿಯ ಕಾಲದಲ್ಲಿಯೇ ಒಂದು ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಚರಿತ್ರೆಯ ವಿದ್ಯಾರ್ಥಿಗೆ ಯಂತ್ರಗಳ ಪಟ್ಟಿಗಿಂತ ಇದು ಹೆಚ್ಚು ಬೋಧಪ್ರದವಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರಕ್ಕೆ ಅಂಟಿಕೊಂಡಿರುವ ಮೆಸ್ಕೀಟ್ ಎಂಬ ಊರಿನಲ್ಲಿ ಒಂದು ಪುರಸಭಾ ನಿಯಮವಿದ್ದಿತು. ಹದಿನೇಳು ವರ್ಷ ತುಂಬದವರು ತಂದೆತಾಯಿಯೋ ಪೋಷಕರೋ ಜೊತೆಗಿಲ್ಲದೆ ನಾಣ್ಯದ ಯಂತ್ರಗಳಲ್ಲಿ ಆಡಕೂಡದೆಂಬುದು ಅದರ ತಾತ್ಪರ್ಯ. 1976ರಲ್ಲಿ ಅಲ್ಲಿಯ ಟೌನ್ ಈಸ್ಟ್ ಮಾಲಿನಲ್ಲಿ ಅಂಗಡಿ ತೆರೆಯಲು ಅಲಾದೀನ್ಸ್ ಕ್ಯಾಸಲ್ ಸಂಸ್ಥೆಯು ಮುಂದಾಯಿತು. ಆಗ ಪುರಸಭೆಯು ಉದಾರವಾಗಿಯೇ ನಡೆದುಕೊಂಡಿತು: ಕಾವಲಿನವರನ್ನು ನೇಮಿಸಿ, ವಿಮೆ ಮಾಡಿಸಿ, ಕೆಲವು ಕಟ್ಟುಪಾಡುಗಳನ್ನು ಪಾಲಿಸುವ ಅಂಗಡಿಗಳಿಗೆ ವಯಸ್ಸಿನ ಮಿತಿಯನ್ನು ಹದಿನೇಳರಿಂದ ಏಳಕ್ಕೆ ಇಳಿಸುವ ವಿನಾಯಿತಿಯನ್ನು ಅಂಗೀಕರಿಸಿತು. ಇದನ್ನು ನಂಬಿ ಸಂಸ್ಥೆಯು ಸಿದ್ಧತೆ ನಡೆಸುತ್ತಿರುವಾಗ ಪೊಲೀಸ್ ಮುಖ್ಯಾಧಿಕಾರಿಯು ಮಾತೃಸಂಸ್ಥೆಯಾದ ಬ್ಯಾಲಿಗೆ ಅಪರಾಧಿ ವರ್ಗದವರೊಡನೆ ಸಂಬಂಧವಿದೆಯೆಂದು ಅಭಿಪ್ರಾಯಪಟ್ಟುದರಿಂದ ಪರವಾನಗಿಯು ನಿರಾಕರಿಸಲ್ಪಟ್ಟಿತು. ಸಂಸ್ಥೆಯು ರಾಜ್ಯದ ನ್ಯಾಯಾಲಯಕ್ಕೆ ಹೋಯಿತು. ಅಂಥ ಸಂಬಂಧವಿಲ್ಲವೆಂದು ತೀರ್ಮಾನವಾಗಿ, ಪರವಾನಗಿ ಕೊಡತಕ್ಕದ್ದೆಂದು ಆಜ್ಞೆಯಾಯಿತು. ಪುರಸಭೆಯು ಪರವಾನಗಿ ಕೊಟ್ಟಿತು. ಕೊಟ್ಟು ಬಹುದಿನ ಕಳೆಯುವ ಮೊದಲೇ ವಿನಾಯಿತಿಯನ್ನು ರದ್ದುಮಾಡಿ ಹದಿನೇಳು ವರ್ಷದ ಮಿತಿಯನ್ನು ಮರಳಿ ಸ್ಥಾಪಿಸಿತು. ಅಂಗಡಿ ತೆರೆದಿರಬಹುದು, ಗಿರಾಕಿ ಮಾತ್ರ ಬರಕೂಡದು. ಕೆರೆಯನ್ನು ತೋಡಲು ಅಪ್ಪಣೆ ಕೊಟ್ಟು ಕಾಲುವೆಗೆ ಕಟ್ಟೆ ಹಾಕಿದಂತಾಯಿತು.

ಪ್ರಕರಣವು ಕೇಂದ್ರದ ನ್ಯಾಯಾಲಯಗಳನ್ನು ಹತ್ತಿತು. ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು 1980ರಲ್ಲಿ ವಯಸ್ಸಿನ ಮಿತಿಯು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು: ಹುಡುಗರಿಗೂ ಒಂದೆಡೆ ಸೇರುವ ಹಕ್ಕಿದೆ, ಅದನ್ನು ಹೀಗೆ ಮೊಟಕುಮಾಡುವುದಕ್ಕೆ ಸಾಕಷ್ಟು ಕಾರಣವಿಲ್ಲ ಎಂಬುದು ಅದರ ನಿಲುವು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದು 1982ರ ಫೆಬ್ರವರಿ 23ರಂದು. ಅದನ್ನು ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರು ‘ಅಪರಾಧಿಗಳ ಸಂಬಂಧ’ ಎಂಬ ಮಾತು ಅಸ್ಪಷ್ಟವಾಗಿದೆಯೆಂಬ ಆಕ್ಷೇಪವನ್ನು ತಳ್ಳಿಹಾಕಿದರು. ಆದರೆ ಹುಡುಗರ ಹಕ್ಕಿನ ಪ್ರಶ್ನೆಯನ್ನು ಅವರು ನಿರ್ಣಯಿಸಲಿಲ್ಲ. ಕೆಳಗಿನ ನ್ಯಾಯಾಲಯವು ಟೆಕ್ಸಸ್ ರಾಜ್ಯದ ಸಂವಿಧಾನವನ್ನೇ ಆಧರಿಸಿ ತೀರ್ಪು ಕೊಟ್ಟಿದ್ದರೆ ಮೇಲಿನ ನ್ಯಾಯಾಲಯವು ಕೈಹಾಕುವ ಅಗತ್ಯವಿಲ್ಲವೆಂದು ಆ ಭಾಗವನ್ನು ಹಿಂದಕ್ಕೆ ಕಳುಹಿಸಿದರು. 1983ರಲ್ಲಿ ಅದು ರಾಜ್ಯ ಸಂವಿಧಾನದ ಆಧಾರದ ಮೇಲೆಯೇ ಇತ್ಯರ್ಥವಾಯಿತು. ಸಂಸ್ಥೆಯು ಗೆದ್ದಿತು, ಆದರೆ ಹದಿನೈದು ವರ್ಷದ ಹುಡುಗನೊಬ್ಬನಿಗೆ ತನ್ನ ನಾಣ್ಯದೊಡನೆ ಒಂದು ಅಂಗಡಿಯಲ್ಲಿ ನಿಲ್ಲುವ ಹಕ್ಕು ಇಡೀ ದೇಶದಲ್ಲಿ ಉಂಟೋ ಇಲ್ಲವೋ ಎಂಬುದು ತೀರ್ಮಾನವಾಗದೆ ಉಳಿಯಿತು.

ಇದರ ಜೊತೆಗೆ ಓದಬೇಕಾದ ಇನ್ನೊಂದು ತೀರ್ಪಿದೆ. ಹಜೆನ್ಸ್ ಎಂಬ ಮಾಲಿನ ಯಜಮಾನರಿಗೂ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಲಿಗೂ ನಡೆದ ವ್ಯಾಜ್ಯದಲ್ಲಿ 1976ರಲ್ಲಿ ಅದೇ ನ್ಯಾಯಾಲಯವು, ಮಾಲಿನ ಒಳದಾರಿಯು ಸಾರ್ವಜನಿಕ ರಸ್ತೆಯಲ್ಲ, ಅಲ್ಲಿ ನಿಂತು ಮಾತನಾಡುವವರಿಗೆ ಸಂವಿಧಾನದ ಮೊದಲನೆಯ ತಿದ್ದುಪಡಿಯ ರಕ್ಷಣೆಯಿಲ್ಲ ಎಂದು ಹೇಳಿತ್ತು. ಪುರಸಭೆಯ ನಿಯಮವನ್ನು ಎದುರಿಸಿ ನ್ಯಾಯಾಲಯಕ್ಕೆ ಹೋಗಬಹುದು. ಯಜಮಾನನ ಇಷ್ಟವನ್ನು ಎದುರಿಸಿ ಹೋಗುವಂತಿಲ್ಲ. ಆಟದಂಗಡಿಯ ಮುಂದಿನ ಗತಿಯು ಈ ಎರಡು ತೀರ್ಪುಗಳ ನಡುವೆಯೇ ಅಡಗಿದ್ದಿತೆಂದು ನಮಗೆ ತೋರುತ್ತದೆ.

ಇಳಿಮುಖವು 1982ರ ಉತ್ತರಾರ್ಧದಲ್ಲಿಯೇ ಆರಂಭವಾಯಿತು. ಯಂತ್ರಗಳು ಅತಿಯಾದವು. ಔಷಧಿಯಂಗಡಿ, ದಿನಸಿಯಂಗಡಿ, ಬಟ್ಟೆ ಒಗೆಯುವ ಅಂಗಡಿಗಳಲ್ಲಿಯೂ ಒಂದೆರಡು ಯಂತ್ರಗಳು ನಿಂತು ಗಳಿಕೆಯನ್ನು ಹಂಚಿಕೊಂಡವು. ಅಲ್ಲದೆ ಹೊಸ ಯಂತ್ರದ ಗಳಿಕೆಯು ಕೆಲವೇ ವಾರಗಳಲ್ಲಿ ಕುಗ್ಗುತ್ತಿದ್ದಿತು. ಆಟಗಾರರು ಪಳಗಿದಂತೆಲ್ಲ ಒಂದೇ ನಾಣ್ಯಕ್ಕೆ ಹೆಚ್ಚು ಹೊತ್ತು ಆಡತೊಡಗುತ್ತಿದ್ದರು. ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ವಿದ್ಯಾರ್ಥಿಗಳಾಗಿದ್ದ ಕೆಲವರು ತಾವು ಇರಿಸಿದ್ದ ಯಂತ್ರಗಳಲ್ಲಿ ಹೀಗೆ ಗಳಿಕೆ ಇಳಿದುದನ್ನು ಕಂಡು, ಹಳೆಯ ಆಟವನ್ನು ಕಠಿನಗೊಳಿಸುವ ಒಂದು ಫಲಕವನ್ನು 1981ರಲ್ಲಿ ತಯಾರಿಸಿ ಮಾರಿದರು; ‘ಮಿಸ್ ಪ್ಯಾಕ್-ಮ್ಯಾನ್’ ಹುಟ್ಟಿದ್ದು ಇದೇ ಗುಂಪಿನವರ ಕೈಯಲ್ಲಿ. ಗಿರಾಕಿಯ ಜಾಣತನವೇ ವರ್ತಕನಿಗೆ ನಷ್ಟವಾಗುವಂಥ ವ್ಯಾಪಾರಗಳು ಲೋಕದಲ್ಲಿ ಹೆಚ್ಚಿಲ್ಲ.

ಲೋಕಾಭಿಪ್ರಾಯವೂ ತಿರುಗಿತು. ದೇಶದ ಸರ್ಜನ್ ಜನರಲ್ ಆಗಿದ್ದ ಎವರೆಟ್ ಕೂಪ್ ಅವರು 1982ರ ನವೆಂಬರಿನಲ್ಲಿ ಈ ಆಟಗಳು ಮಕ್ಕಳಿಗೆ ಕೇಡೆಂಬರ್ಥದ ಮಾತನಾಡಿ, ಮರುದಿನವೇ ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಸ್ಪಷ್ಟಪಡಿಸಿದರು. ಮೊದಲನೆಯ ಮಾತು ಊರೂರಿಗೆ ಹಬ್ಬಿದಷ್ಟು ಎರಡನೆಯದು ಹಬ್ಬಲಿಲ್ಲ. ಮಸಾಚುಸೆಟ್ಸಿನ ಮಾರ್ಷ್‌ಫೀಲ್ಡ್ ಎಂಬ ಊರು ಅದೇ ವರ್ಷ ನಾಣ್ಯದ ವಿಡಿಯೋ ಯಂತ್ರಗಳನ್ನೇ ಪೂರ್ತಿಯಾಗಿ ನಿಷೇಧಿಸಿತು. ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯವು 1983ರಲ್ಲಿ ಆ ನಿಷೇಧವನ್ನು ಎತ್ತಿಹಿಡಿಯಿತು.

ಆದರೂ ಅಂಗಡಿಯನ್ನು ಒಳಗಿನಿಂದ ಕೊರೆದದ್ದು ಈ ಯಾವುದೂ ಅಲ್ಲ, ನಾಣ್ಯ. ನಮ್ಮ ಹಳೆಯ ಪಾವಲಿಯಂತೆ ಅಮೆರಿಕದ ಕಾಲು ಡಾಲರು ಎಲ್ಲರ ಜೇಬಿನಲ್ಲಿಯೂ ಇರುವ, ದಿನಬಳಕೆಯ ನಾಣ್ಯಗಳಲ್ಲಿ ಅತ್ಯಂತ ದೊಡ್ಡ ಬೆಲೆಯದು. ಒಂದು ಆಟಕ್ಕೆ ಒಂದು ನಾಣ್ಯವೆಂಬುದು ರೂಢಿಯಾಗಿ ಬೇರೂರಿದ ಮೇಲೆ ಬೆಲೆಯನ್ನು ಏರಿಸುವುದೆಂದರೆ ಒಮ್ಮೆಗೇ ಎರಡರಷ್ಟು ಮಾಡುವುದೆಂದಾಯಿತು. 1979ರಲ್ಲಿ ಸರ್ಕಾರವು ಹೊರತಂದ ಸೂಸನ್ ಆಂಟನಿ ಮುದ್ರೆಯ ಒಂದು ಡಾಲರಿನ ನಾಣ್ಯವು ಗಾತ್ರದಲ್ಲಿ ಕಾಲು ಡಾಲರನ್ನೇ ಹೋಲುತ್ತಿದ್ದುದರಿಂದ ಜನ ಅದನ್ನು ಒಲ್ಲೆನೆಂದರು. ಕಾಗದದ ಡಾಲರು ಚಲಾವಣೆಯಲ್ಲಿ ಇರುವವರೆಗೆ ಅದಕ್ಕೆ ಎಡೆಯೂ ಇರಲಿಲ್ಲ. ಇತ್ತ 1980ರಿಂದ 2000ದವರೆಗೆ ಆ ದೇಶದ ಸಾಮಾನ್ಯ ಬೆಲೆಗಳು ಎರಡು ಪಟ್ಟಿಗೂ ಸ್ವಲ್ಪ ಮಿಗಿಲಾದವು. ಬಾಡಿಗೆ, ಸಂಬಳ, ವಿದ್ಯುತ್ತು ಎಲ್ಲವೂ ಏರುತ್ತಿರುವಾಗ ಒಂದು ಆಟದ ಬೆಲೆ ಮಾತ್ರ ಬಹುಕಾಲ ಅಲ್ಲಿಯೇ ನಿಂತಿತು. ಒಂದು ಆಟ ಮೂರು ನಿಮಿಷ ನಡೆಯುವುದೆಂದು ಇಟ್ಟುಕೊಂಡರೆ, ಬಿಡುವಿಲ್ಲದೆ ಆಡಿದರೂ ಯಂತ್ರಕ್ಕೆ ಗಂಟೆಗೆ ಬರುವುದು ಇಪ್ಪತ್ತು ನಾಣ್ಯ, ಎಂದರೆ 5 ಡಾಲರು. ಅದಕ್ಕೆ ಮೇಲೆ ಯಾವ ಉಪಾಯದಿಂದಲೂ ಏರುವಂತಿಲ್ಲ.

ಜಪಾನಿನೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಆಟಕ್ಕೆ ರೂಢಿಯಾದದ್ದು 100 ಯೆನ್ ನಾಣ್ಯ. 1980ರ ವಿನಿಮಯದಲ್ಲಿ ಅದು ಸುಮಾರು 44 ಸೆಂಟುಗಳಿಗೆ ಸಮ. 1995ರಲ್ಲಿ ಯೆನ್ ಏರಿದಾಗ ಒಂದು ಡಾಲರನ್ನೂ ಮೀರಿತು. ಜಪಾನಿನಲ್ಲಿ ಈ ಅಂಗಡಿಗಳು ಹೆಚ್ಚು ಕಾಲ ಬಾಳಿದ್ದಕ್ಕೆ ಊರುಗಳ ರೈಲುನಿಲ್ದಾಣದ ಪೇಟೆಗಳೇ ಮೊದಲಾದ ಬೇರೆ ಕಾರಣಗಳೂ ಇವೆ. ಅಲ್ಲಿಯೂ ಅವು ಕ್ಷೀಣಿಸಿದವು. 1989ರಲ್ಲಿ ಮಾರಾಟ ತೆರಿಗೆ ಬಂದು ಮುಂದೆ ಏರಿದಾಗ ಆ ಒಂದೇ ನಾಣ್ಯದ ಬೆಲೆಯೂ ಬಿಗಿಯಾದ ಅಂಗಿಯಾಯಿತು.

ಅಮೆರಿಕದ ಯಂತ್ರನಿರ್ಮಾಪಕರು ಈ ಕಟ್ಟಿನಿಂದ ಬಿಡಿಸಿಕೊಳ್ಳಲು ಹಲವು ಉಪಾಯಗಳನ್ನು ಹೂಡಿದರು. 1983ರ ‘ಡ್ರ್ಯಾಗನ್ಸ್ ಲೇರ್’ ಲೇಸರ್ ತಟ್ಟೆಯಿಂದ ಚಲನಚಿತ್ರದಂಥ ಚಿತ್ರವನ್ನು ತೋರಿಸಿ 50 ಸೆಂಟು ಕೇಳಿತು. 1985ರ ‘ಗಾಂಟ್ಲೆಟ್’ ನಾಲ್ವರನ್ನು ಒಟ್ಟಿಗೆ ನಿಲ್ಲಿಸಿ, ಶಕ್ತಿ ಕುಂದಿದಾಗಲೆಲ್ಲ ಇನ್ನೊಂದು ನಾಣ್ಯ ಹಾಕಿ ಮುಂದುವರಿಯುವಂತೆ ಮಾಡಿತು; ಗಂಟೆಯ ಲೆಕ್ಕವನ್ನು ಆಟಗಾರರ ಸಂಖ್ಯೆಯಿಂದ ಗುಣಿಸುವ ಯುಕ್ತಿಯಿದು. 1991ರ ‘ಸ್ಟ್ರೀಟ್ ಫೈಟರ್ 2’ ಇದನ್ನೇ ಕಾಳಗವಾಗಿಸಿತು. ಸೋತವನು ಇಳಿಯುವನು, ಗೆದ್ದವನು ನಿಲ್ಲುವನು, ಮುಂದಿನವನು ತನ್ನ ಸರದಿಗೆ ಗುರುತಾಗಿ ಪರದೆಯಂಚಿನಲ್ಲಿ ನಾಣ್ಯವಿಟ್ಟು ಕಾಯುವನು. ಗರಡಿಯ ಮನೆಯ ನೆನಪು ತರುವ ಈ ವ್ಯವಸ್ಥೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಹುಡುಗರೇ ಮಾಡಿಕೊಂಡು ಹುಡುಗರೇ ಪಾಲಿಸುತ್ತಿದ್ದರು. ಅಪರಿಚಿತರೊಡನೆ ಸೋಲುಗೆಲವನ್ನು ಹಂಚಿಕೊಳ್ಳುವ ಇಂಥ ಶಿಸ್ತು ಮನೆಯಂತ್ರದ ಎದುರಿನಲ್ಲಿ ದೊರೆಯುವಂಥದಾಗಿರಲಿಲ್ಲ. ಎರಡನೆಯ ಏಳಿಗೆಯೆನ್ನಬಹುದಾದ ಈ ಕೆಲವು ವರ್ಷಗಳಲ್ಲಿಯೇ, 1993ರಲ್ಲಿ, ನಾಮ್ಕೋ ಸಂಸ್ಥೆಯು ಅಲಾದೀನ್ಸ್ ಕ್ಯಾಸಲ್ ಸರಣಿಯನ್ನು ಕೊಂಡುಕೊಂಡಿತು.

ಆ ಏಳಿಗೆ ನಿಲ್ಲಲಿಲ್ಲ. 1992ರ ‘ಮಾರ್ಟಲ್ ಕಾಂಬಾಟ್’ ಆಟದ ರಕ್ತಪಾತವು 1993ರ ಡಿಸೆಂಬರಿನಲ್ಲಿ ಸೆನೆಟ್ ಸಭೆಯ ವಿಚಾರಣೆಗೆ ವಿಷಯವಾಯಿತು. 1995ರಲ್ಲಿ ಅಮೆರಿಕಕ್ಕೆ ಬಂದ ಪ್ಲೇಸ್ಟೇಷನ್ ಅಂಗಡಿಯ ಚಿತ್ರಕ್ಕೂ ಮನೆಯ ಚಿತ್ರಕ್ಕೂ ಇದ್ದ ಅಂತರವನ್ನು ಬಹುಮಟ್ಟಿಗೆ ಅಳಿಸಿತು. ಮನೆಯಂತ್ರದ ವಾದವು ನಿಜವಾಗುವುದು ಇಲ್ಲಿ. ಸವಾರಿಯಂತೆ ಕುಳಿತು ಆಡುವ ಭಾರಿ ಯಂತ್ರಗಳನ್ನು ತಂದು ಒಂದು ಡಾಲರು ಕೇಳಿದರೆ ಹುಡುಗರು ದೂರ ಸರಿದರು. ಪ್ಯಾಕ್-ಮ್ಯಾನನ್ನು ಅಮೆರಿಕಕ್ಕೆ ತಂದ ಮಿಡ್‌ವೇ 2001ರಲ್ಲಿ ನಾಣ್ಯದ ಯಂತ್ರಗಳ ತಯಾರಿಕೆಯನ್ನೇ ಬಿಟ್ಟಿತು.

ಇದೇ ಅವಧಿಯಲ್ಲಿ ಯಜಮಾನನ ಮನಸ್ಸೂ ಬದಲಾಗಿದ್ದಿತು. ಸೌತ್‌ಡೇಲಿಗೆ ಸಮೀಪದಲ್ಲಿಯೇ 1992ರಲ್ಲಿ ತೆರೆದ ‘ಮಾಲ್ ಆಫ್ ಅಮೆರಿಕ’ 1996ರಲ್ಲಿ ಒಂದು ನಿಯಮ ಮಾಡಿತು: ಶುಕ್ರವಾರ ಶನಿವಾರಗಳ ಸಂಜೆ ಹದಿನಾರು ತುಂಬದವರು ವಯಸ್ಕರೊಬ್ಬರು ಜೊತೆಗಿಲ್ಲದೆ ಒಳಗೆ ಬರಕೂಡದು. ಮುಂದಿನ ವರ್ಷಗಳಲ್ಲಿ ಬೇರೆ ಅನೇಕ ಮಾಲುಗಳು ಅದನ್ನು ಅನುಸರಿಸಿದವು. ಮೆಸ್ಕೀಟಿನ ಪುರಸಭೆಯು ಒಂದು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಲಾಗದೆ ಹೋದ ನಿಯಮವು ಈಗ ಇಡೀ ಪೇಟೆಯ ಬಾಗಿಲಲ್ಲಿ ನಿಂತಿತು. ಇದು ಖಾಸಗಿ ಸ್ವತ್ತಾದ ಕಾರಣ ಇದರ ವಿರುದ್ಧ ಐದನೆಯ ವಲಯದ ನ್ಯಾಯಾಲಯಕ್ಕೆ ಹೋಗುವ ಮಾರ್ಗವಿರಲಿಲ್ಲ. ವಾರದಲ್ಲಿ ಅತಿಹೆಚ್ಚು ನಾಣ್ಯ ಬೀಳುವ ಎರಡು ಸಂಜೆಗಳಲ್ಲಿ ಗಿರಾಕಿಯನ್ನು ಕಳೆದುಕೊಂಡ ಅಂಗಡಿಯು ಬಾಡಿಗೆಯನ್ನು ಹೇಗೆ ತೆತ್ತೀತು? ಮಾಲುಗಳೂ ಕಷ್ಟಕ್ಕೆ ಸಿಲುಕಿದವು. 2007ರಲ್ಲಿ ಅಮೆರಿಕದಲ್ಲಿ ಮುಚ್ಚಿದ ಮಾದರಿಯ ಹೊಸ ಮಾಲು ಒಂದೂ ತೆರೆಯಲಿಲ್ಲ.

ಯಂತ್ರಗಳು ಹೋದದ್ದು ಎಲ್ಲಿಗೆ? ಕೆಲವು, ಚೀಟಿ ಗೆದ್ದು ಬೊಂಬೆ ಪಡೆಯುವ ಮಕ್ಕಳ ಊಟದಮನೆಗಳಿಗೆ. ಹಳೆಯವು ಕೆಲವು, ಪಾನಗೃಹಗಳಿಗೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2004ರಲ್ಲಿ ‘ಬಾರ್ಕೇಡ್’ ಎಂಬ ಪಾನಗೃಹವು 1980ರ ದಶಕದ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ತೆರೆಯಿತು. ಈ ಬಗೆಯ ಪಾನಗೃಹಗಳಲ್ಲಿ ಆಡುವವರು ಇಪ್ಪತ್ತೊಂದು ದಾಟಿದವರು. ಬಹುಮಂದಿ ಒಂದು ಕಾಲದಲ್ಲಿ ಮಾಲಿನ ಬಾಗಿಲಲ್ಲಿ ಕಾರಿನಿಂದಿಳಿದ ಹುಡುಗರೇ. ಇನ್ನು ಮಾರ್ಷ್‌ಫೀಲ್ಡಿನ ನಿಷೇಧವು ಮೂವತ್ತೆರಡು ವರ್ಷ ಜಾರಿಯಲ್ಲಿದ್ದು, 2014ರಲ್ಲಿ ಊರಿನ ಸಭೆಯ ಮತದಿಂದ ರದ್ದಾಯಿತು.